ವಾಹನಗಳಲ್ಲಿ ಬಂದುಹೋಗುವ ವಿದ್ಯುತ್ ಕಡಿತ

ವಾಹನದ ವಿದ್ಯುತ್ ಪೂರೈಕೆ ಕೆಲ ಕ್ಷಣ ತಪ್ಪಿ ಮತ್ತೆ ತಾನಾಗಿಯೇ ಸರಿಹೋಗುವ ದೋಷ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆಲೇ ಆರುವುದು, ಕೀಲಿ ತಿರುಗಿಸಿದಾಗ 'ಟಕ್' ಎಂದು ಸದ್ದಾಗಿ ಸುಮ್ಮನಾಗುವುದು, ಹೊಂಡಕ್ಕಿಳಿದಾಗ ಎಂಜಿನ್ ನಿಂತುಬಿಡುವುದು, ಗಡಿಯಾರ ಮೊದಲಿಂದ ಶುರುವಾಗುವುದು ಇದರ ಲಕ್ಷಣಗಳು. ಪೂರ್ತಿ ಕೆಟ್ಟುಹೋದ ಭಾಗವನ್ನು ಹುಡುಕುವುದಕ್ಕಿಂತ ಇದನ್ನು ಹಿಡಿಯುವುದು ಬಹಳ ಕಷ್ಟ. ಗ್ಯಾರೇಜಿಗೆ ತಂದು ನಿಲ್ಲಿಸುವ ಹೊತ್ತಿಗೆ ಗಾಡಿ ಸರಿಯಾಗಿಯೇ ಇರುತ್ತದೆ. ಬ್ಯಾಟರಿ, ಆಲ್ಟರ್ನೇಟರ್, ಸ್ಟಾರ್ಟರ್ ಮೋಟರ್‌ಗಳನ್ನು ಊಹೆಯ ಮೇಲೆ ಒಂದೊಂದಾಗಿ ಬದಲಿಸಿ, ಅಷ್ಟೂ ಹಣ ಕಳೆದ ಮೇಲೂ ದೋಷ ಉಳಿಯುವುದು ಇದೇ ಕಾರಣಕ್ಕೆ. ದೋಷ ಇರುವಾಗಲೇ ಅಳೆಯಬೇಕು. ಇಲ್ಲವಾದರೆ ಅದನ್ನು ಬರಿಸಿ ಅಳೆಯಬೇಕು.

ಕಾರುಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ಇರುತ್ತದೆ. ಪ್ಲಸ್ ತುದಿಯಿಂದ ಹೊರಟ ವಿದ್ಯುತ್ ದಪ್ಪ ಕೇಬಲ್, ಮುಖ್ಯ ಫ್ಯೂಸ್, ಇಗ್ನಿಷನ್ ಸ್ವಿಚ್, ರಿಲೇಗಳನ್ನು ಹಾದು ಉಪಕರಣಗಳನ್ನು ತಲುಪಿ, ವಾಹನದ ಲೋಹದ ಮೈಯ ಮೂಲಕ ಮೈನಸ್ ತುದಿಗೆ ಮರಳುತ್ತದೆ. ಮರಳುವ ಈ ದಾರಿಯೇ ಅರ್ಥ್. ಎಂಜಿನ್ ಕೂತಿರುವುದು ರಬ್ಬರಿನ ಮೌಂಟಿಂಗ್ ಮೇಲೆ. ಆದ್ದರಿಂದ ಅದಕ್ಕೆ ಪ್ರತ್ಯೇಕ ಅರ್ಥ್ ಪಟ್ಟಿ ಬೇಕು. ಆ ಪಟ್ಟಿಯ ಬೋಲ್ಟಿನಡಿ ತುಕ್ಕು ಹಿಡಿದರೆ ಬ್ಯಾಟರಿ ಎಷ್ಟೇ ಹೊಸದಿದ್ದರೂ ಪ್ರಯೋಜನವಿಲ್ಲ.

ಏನೇನು ಒಟ್ಟಿಗೆ ನಿಂತಿತು ಎಂಬುದೇ ಮೊದಲ ಸುಳಿವು. ಎಲ್ಲವೂ ಒಮ್ಮೆಲೇ ಆರಿದರೆ ಬ್ಯಾಟರಿ ಟರ್ಮಿನಲ್, ಮುಖ್ಯ ಕೇಬಲ್, ಅರ್ಥ್ ಅಥವಾ ಮುಖ್ಯ ಫ್ಯೂಸನ್ನು ನೋಡಬೇಕು. ಹಾರ್ನ್, ಪಾರ್ಕಿಂಗ್ ದೀಪಗಳು ಕೆಲಸ ಮಾಡುತ್ತಿದ್ದು ಎಂಜಿನ್ನೂ ಮೀಟರೂ ಮಾತ್ರ ಸತ್ತರೆ ಅನುಮಾನ ಇಗ್ನಿಷನ್ ಸ್ವಿಚ್‌ನ ಕಡೆ ತಿರುಗುತ್ತದೆ.

ಚಾರ್ಜ್ ಪೂರ್ತಿಯಾಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ; ಎಂಜಿನ್ ಓಡುವಾಗ ಬಹುಪಾಲು ವಾಹನಗಳಲ್ಲಿ ಅದು 13.8ರಿಂದ 14.5ರ ಆಸುಪಾಸಿಗೆ ಏರುತ್ತದೆ. ಈ ಅಂಕಿಗಳು ಸರಿಯಿದ್ದ ಮಾತ್ರಕ್ಕೆ ದಾರಿ ಸರಿಯಿದೆ ಎಂದಲ್ಲ. ಹತ್ತಾರು ಎಳೆಗಳು ಕಡಿದು ಒಂದೇ ಎಳೆ ಉಳಿದ ಕೇಬಲ್ಲಿನಲ್ಲೂ ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆದುಕೊಳ್ಳುವ ವಿದ್ಯುತ್ ತೀರಾ ಅತ್ಯಲ್ಪ. ಸ್ಟಾರ್ಟರ್ ಹಾಗಲ್ಲ. ಅದು 200 ಆಂಪಿಯರ್ ಎಳೆಯುವಾಗ ದಾರಿಯಲ್ಲಿ ಕೇವಲ 0.01 ಓಮ್ ಹೆಚ್ಚುವರಿ ರೋಧವಿದ್ದರೂ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಹೀಗಾಗಿ ಲೋಡ್ ಇರುವಾಗ ವೋಲ್ಟೇಜ್ ಡ್ರಾಪ್ ಅಳೆಯುವುದೇ ನಂಬತಕ್ಕ ಪರೀಕ್ಷೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಶುಭ್ರ ಲೋಹಕ್ಕೂ ಒತ್ತಿಹಿಡಿದು ಸೆಲ್ಫ್ ಹೊಡೆದರೆ, ಕಾಣುವ ಅಂಕಿ ಸಾಮಾನ್ಯವಾಗಿ 0.2 ವೋಲ್ಟ್ ಮೀರಬಾರದು. ಕಡ್ಡಿಯನ್ನು ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ ತಾಗಿಸಬೇಕು. ಹೊರಗೆ ಹೊಳೆಯುವ ಟರ್ಮಿನಲ್ಲನ್ನು ಬಿಚ್ಚಿದರೆ ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ ಮಂಕು ಬಣ್ಣದ ತೆಳು ಪದರ ಕಾಣಸಿಗುವುದುಂಟು. ದೋಷ ಅಡಗುವುದು ಆ ಸಂದಿಯಲ್ಲೇ.

ದೋಷವನ್ನು ಬರಿಸುವುದು ತಾಳ್ಮೆಯ ಕೆಲಸ. ಎಂಜಿನ್ ಓಡುತ್ತಿರುವಾಗ, ತಿರುಗುವ ಭಾಗಗಳಿಂದ ಕೈ ದೂರವಿಟ್ಟು, ವೈರಿಂಗ್ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತಾರೆ. ಕಪ್ಲರ್‌ಗಳನ್ನು ಮೆಲ್ಲಗೆ ಎಳೆದು ನೋಡುತ್ತಾರೆ. ಬಾಗಿಲಿನ ಕೀಲಿನ ಬಳಿ ಬಾಗಿ ಬಾಗಿ ತುಂಡಾದ ವೈರು, ಇಲಿ ಕಡಿದ ಜಾಗ, ಹಿಂದೆ ಯಾರೋ ಟೇಪು ಸುತ್ತಿದ ಜೋಡಣೆಗಳು ಮೊದಲು ನೋಡಬೇಕಾದವು. ಬಿಸಿಯಾದಾಗ ಮಾತ್ರ ಕಾಡುವ ದೋಷಕ್ಕೆ ರಿಲೇಯೊಳಗಿನ ಬಿರುಕುಬಿಟ್ಟ ಬೆಸುಗೆ ಕಾರಣವಿರಬಹುದು. ಅದೇ ಮಾದರಿಯ ಇನ್ನೊಂದು ರಿಲೇ ಹಾಕಿ ನೋಡುವುದು ಸುಲಭ. ರಸ್ತೆಯಲ್ಲಿ ಮಾತ್ರ ಬರುವ ದೋಷಕ್ಕೆ, ಅತಿ ಕಡಿಮೆ ವೋಲ್ಟೇಜನ್ನು ನೆನಪಿಟ್ಟುಕೊಳ್ಳುವ ಮೀಟರನ್ನು ಜೋಡಿಸಿಕೊಂಡು ಓಡಿಸಬೇಕು.

ಈ ದೋಷ ಎಷ್ಟು ಮಾರಕವಾಗಬಲ್ಲದು ಎಂಬುದಕ್ಕೆ ಅಮೆರಿಕದ ಜನರಲ್ ಮೋಟರ್ಸ್ ಪ್ರಕರಣ ಸಾಕ್ಷಿ. ಷೆವ್ರೊಲೆ ಕೋಬಾಲ್ಟ್ ಮೊದಲಾದ ಕಾರುಗಳ ಇಗ್ನಿಷನ್ ಸ್ವಿಚ್ಚಿನಲ್ಲಿ ಕೀಲಿಯನ್ನು ತಡೆದು ಹಿಡಿಯುವ ಸ್ಪ್ರಿಂಗ್ ಮತ್ತು ಗೂಟಕ್ಕೆ ಬೇಕಾದಷ್ಟು ಬಿಗಿ ಇರಲಿಲ್ಲ. ಭಾರದ ಕೀಲಿಗೊಂಚಲು, ಮೊಣಕಾಲಿನ ತಾಗು ಅಥವಾ ರಸ್ತೆಯ ಕುಲುಕಿಗೆ ಕೀಲಿ ಹಿಂದೆ ಸರಿದು ಎಂಜಿನ್ ನಿಲ್ಲುತ್ತಿತ್ತು. ಪವರ್ ಸ್ಟೀರಿಂಗ್ ಬಲ ಕಳೆದುಕೊಳ್ಳುತ್ತಿತ್ತು, ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿರಲಿಲ್ಲ. 2006ರಲ್ಲಿ ಸ್ವಿಚ್ಚನ್ನು ತಿದ್ದಿದರೂ ಬಿಡಿಭಾಗದ ಸಂಖ್ಯೆಯನ್ನು ಬದಲಿಸಲಿಲ್ಲ. ಹೀಗಾಗಿ ಹಳೆಯದಕ್ಕೂ ಹೊಸದಕ್ಕೂ ದಾಖಲೆಯಲ್ಲಿ ಭೇದವೇ ಕಾಣದೆ ತನಿಖೆ ದಾರಿ ತಪ್ಪಿತು. ಇಂಥ ಕಾರಿನ ಅಪಘಾತದಲ್ಲಿ ಮೃತಪಟ್ಟ ಮಹಿಳೆಯೊಬ್ಬಳ ಕುಟುಂಬದ ಪರ ತಜ್ಞರೊಬ್ಬರು ಎರಡೂ ಸ್ವಿಚ್ಚುಗಳನ್ನು ಬಿಚ್ಚಿ ಹೋಲಿಸಿದಾಗ ಹೊಸದರ ಗೂಟ ಉದ್ದವಿರುವುದು ಗೊತ್ತಾಯಿತು. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಲಾಯಿತು. ಕಂಪನಿಯ ಪರಿಹಾರ ನಿಧಿ 124 ಸಾವುಗಳನ್ನು ಒಪ್ಪಿಕೊಂಡಿತು.

ದುರಸ್ತಿಯಾದ ಮೇಲೆ ದೋಷ ಬರಿಸಿದ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ, ಮೊದಲಿನ ಅಂಕಿಯೊಂದಿಗೆ ಹೋಲಿಸಬೇಕು. ಕೇಬಲ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಅದು ಕೊನೆಗೆ. ವಿದ್ಯುತ್ ವಾಹನಗಳಲ್ಲೂ ಸಾಮಾನ್ಯವಾಗಿ 12 ವೋಲ್ಟಿನ ಸಣ್ಣ ಬ್ಯಾಟರಿ ಇದ್ದು, ಅದು ಸೋತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳದೆ ಹೋಗಬಹುದು. ಅಂಥ ವಾಹನಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್‌ಗಳು ನೂರಾರು ವೋಲ್ಟಿನವು; ಅದಕ್ಕೆಂದೇ ತರಬೇತಿ ಪಡೆಯದವರು ಅವನ್ನು ಮುಟ್ಟಕೂಡದು.