ಚೀಟಿ ಉಳಿಯಿತು, ಹೊಲ ಹೋಯಿತು

ನಮ್ಮ ಮನೆಯ ತಗಡಿನ ಟ್ರಂಕಿನಲ್ಲಿ ಒಂದು ಸಾಗುವಳಿ ಚೀಟಿ ಇದೆ. ಮಡಿಕೆ ಮಡಿಕೆಗೂ ಹರಿದಿದೆ. ಹೊಸದುರ್ಗ ತಾಲ್ಲೂಕಿನ ನಮ್ಮೂರಲ್ಲಿ ಗೋಮಾಳದ ಅಂಚಿನ ಎರಡೆಕರೆ ಕಲ್ಲುಮೊರಡಿಯನ್ನು ಸರ್ಕಾರ ನಮ್ಮಜ್ಜನಿಗೆ ದರಖಾಸ್ತು ಕೊಟ್ಟಿತ್ತು. ಅಜ್ಜ ಕಲ್ಲು ಆರಿಸಿ ಸಾವೆ ಬಿತ್ತಿದ. ಚೀಟಿ ಇವತ್ತೂ ಇದೆ, ಹೊಲ ಇಲ್ಲ. ಕಾಲೇಜಿನಲ್ಲಿ ಪೆರು ದೇಶದ ಅರ್ಥಶಾಸ್ತ್ರಜ್ಞ ಹರ್ನಾಂಡೊ ಡಿ ಸೊಟೊನನ್ನು ಓದಿದಾಗ ನಮಗೆ ಮೊದಲು ನೆನಪಾದದ್ದು ಆ ಟ್ರಂಕು.

ಈತ ಹೇಳೋದಿಷ್ಟು. ಬಡವರ ಹತ್ರ ಗುಡಿಸಲಿದೆ, ಅಂಗಡಿಯಿದೆ, ತುಂಡು ನೆಲವಿದೆ. ಕಾಗದ ಮಾತ್ರ ಇಲ್ಲ. ಕಾಗದವಿಲ್ಲದ್ದಕ್ಕೆ ಸಾಲ ಹುಟ್ಟಲ್ಲ, ಆಸ್ತಿ ಸತ್ತ ಬಂಡವಾಳವಾಗಿ ಬಿದ್ದಿರುತ್ತೆ. 2000ದಲ್ಲಿ ಬಂದ ಈತನ 'ದಿ ಮಿಸ್ಟರಿ ಆಫ್ ಕ್ಯಾಪಿಟಲ್' ಪುಸ್ತಕ ಅಂಥ ಬಂಡವಾಳವನ್ನು 9.3 ಲಕ್ಷ ಕೋಟಿ ಡಾಲರ್ ಎಂದು ಅಂದಾಜು ಮಾಡಿತು. ಲಿಮಾ ನಗರದಲ್ಲಿ ಒಂದು ಸಣ್ಣ ಬಟ್ಟೆ ಹೊಲಿಯೋ ಘಟಕವನ್ನು ಕಾನೂನುಬದ್ಧವಾಗಿ ನೋಂದಾಯಿಸಲು ಈತನ ತಂಡಕ್ಕೆ 289 ದಿನ ಹಿಡಿಯಿತಂತೆ. ಅಷ್ಟೇನಾ ಅನ್ನಿಸಿತು. ಪೋಡಿಗೆ ಅಲೆದವರು ನಗುತ್ತಾರೆ.

ಮಾತಿನಲ್ಲಿ ನಿಜವಿಲ್ಲದೆ ಇಲ್ಲ. ಲೆಕ್ಕದ ಪುಸ್ತಕ ಶಾನುಭೋಗರ ಬಗಲಲ್ಲಿದ್ದಾಗ ನೆಲವೂ ಅವರು ಬರೆದವರದಾಗಿತ್ತು. ಆ ವಂಶಪಾರಂಪರ್ಯದ ಹುದ್ದೆ 1961ರ ಕಾಯ್ದೆಯಿಂದ ರದ್ದಾಗಿ, 1963ರಲ್ಲಿ ಜಾರಿಗೆ ಬಂತು. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಗೇಣಿದಾರನಿಗೆ ಒಡೆತನ ಕೊಟ್ಟಿತು. ಆದರೆ ಗೇಣಿಗೂ ನೆಲ ಸಿಗದ ಕೂಲಿಯವನು, ಜೀತದವನು ಏಳನೇ ನಮೂನೆಯಲ್ಲಿ ಏನಂತ ಬರೀಬೇಕಿತ್ತು? ನಮ್ಮ ಕೇರಿಗೆ ದಕ್ಕಿದ್ದು ದರಖಾಸ್ತು ನೆಲವಷ್ಟೆ.

ಅದಕ್ಕೆ ಕಾಗದ ಇತ್ತಲ್ಲ, ಮತ್ತೆ ಹೇಗೆ ಹೋಯಿತು? ವೇದಾವತಿ ನಮ್ಮ ತಾಲ್ಲೂಕು ದಾಟಿ ವಾಣಿವಿಲಾಸ ಸಾಗರ ಸೇರುತ್ತೆ; ಅದರ ಕಾಲುವೆಗಳು ಹಿರಿಯೂರಿನ ಕಡೆಗೆ. ಮೊರಡಿಗೆ ಮುಗಿಲೇ ಗತಿ. ಮಳೆ ಹೋದ ವರ್ಷ ತಂಗಿ ಮದುವೆಗೆ ಅಜ್ಜ ಉಳ್ಳವರೊಬ್ಬರ ಹತ್ರ ಸಾಲ ತಂದ. ಭೋಗ್ಯ ಅಂತ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಆಮೇಲೆ ಓದಿಸಿದರೆ ಶುದ್ಧ ಕ್ರಯಪತ್ರ! ನೆಲ ಒತ್ತೆಯಿಟ್ಟು ಸಾಲ ಎತ್ತೋ ವಿದ್ಯೆ ಡಿ ಸೊಟೊ ಬರೆಯೋಕೆ ಮುಂಚೆಯೇ ಅಜ್ಜನಿಗೆ ಗೊತ್ತಿತ್ತು.

ಇಂಥ ಸಾವಿರಾರು ಹೆಬ್ಬೆಟ್ಟುಗಳನ್ನು ಕಂಡ ಮೇಲೆ ಬಂದದ್ದು ಪಿ.ಟಿ.ಸಿ.ಎಲ್. ಕಾಯ್ದೆ, 1978ರದು. ಪರಿಶಿಷ್ಟರಿಗೆ ಮಂಜೂರಾದ ನೆಲವನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. ಷರತ್ತು ಮುರಿದು ಹಿಂದೆ ಮಾರಿದ್ದೂ ಅಸಿಂಧು. ಉಪವಿಭಾಗಾಧಿಕಾರಿ ಅದನ್ನು ಬಿಡಿಸಿ ವಾರಸುದಾರರಿಗೆ ಕೊಡಬೇಕು. ಡಿ ಸೊಟೊ ಲೆಕ್ಕದಲ್ಲಿ ಮಾರಲಾಗದ ನೆಲ ಸತ್ತ ನೆಲ. ನಮ್ಮ ಲೆಕ್ಕದಲ್ಲಿ ಮಾರಲಾಗದ್ದಕ್ಕೇ ಅದು ಬದುಕಿದ ನೆಲ. ಕೊಂಡವರು ಸುಪ್ರೀಂ ಕೋರ್ಟಿಗೆ ಹೋದರು. ತಮಾಷೆ ನೋಡಿ, ಅಲ್ಲಿ ಆಸ್ತಿ ಹಕ್ಕಿನ ಮಾತೆತ್ತಿದವರು ಅವರೇ! ಮಂಚೇಗೌಡ ಪ್ರಕರಣದಲ್ಲಿ 1984ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ಕಾಯ್ದೆ ಬಂದದ್ದು ಕೇರಿಗೆ ಗೊತ್ತಾಗಬೇಕಲ್ಲ? ಚೀಟಿ ಓದಿ ಹೇಳೋ ಮೇಷ್ಟ್ರು ಸಿಕ್ಕ ಊರುಗಳಲ್ಲಿ ಅರ್ಜಿ ಬೇಗ ಬಿತ್ತು. ನಮ್ಮೂರಲ್ಲಿ ಸಿಗಲಿಲ್ಲ. ನಮ್ಮಪ್ಪ ತಡವಾಗಿ ಅರ್ಜಿ ಹಾಕಿದ. ಅಷ್ಟರಲ್ಲಿ, 2017ರಲ್ಲಿ, ನ್ಯಾಯಯುತ ಅವಧಿಯೊಳಗೆ ಅರ್ಜಿ ಬರಬೇಕೆಂದು ಸುಪ್ರೀಂ ಕೋರ್ಟು ಹೇಳಿತ್ತು. ಆ ಮಾತು ಹಿಡಿದು ಎಷ್ಟೋ ಅರ್ಜಿಗಳನ್ನು ತಳ್ಳಿದರು, ನಮ್ಮದನ್ನೂ. ದಲಿತ ಸಂಘಟನೆಗಳು ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತವು. 2023ರಲ್ಲಿ ಕಾಲಮಿತಿ ಇಲ್ಲವೆಂದು ತಿದ್ದುಪಡಿಯಾಯಿತು.

ವಿಚಾರಣೆಯ ದಿನ "ಇಷ್ಟು ವರ್ಷ ಏನ್ ಮಾಡ್ತಿದ್ರಿ?" ಅಂತ ಕೇಳಿದರು.

"ಆ ಹೊಲದಾಗೇ ಕೂಲಿ ಮಾಡ್ತಿದ್ವಿ ಸ್ವಾಮಿ" ಅಂದ ನಮ್ಮಪ್ಪ.

ಈಗ ಅಪೀಲಿನಲ್ಲಿದೆ. ಚೀಟಿಯ ಮೂರು ನಕಲು ತೆಗೆಸಿದ್ದೇವೆ. ಮೂಲ ಟ್ರಂಕಿನಲ್ಲೇ ಇದೆ.