ಐದು ಸೆಂಟಿನ ಠೇವಣಿ: ಆರೆಗನ್ ಬಾಟಲಿ ಕಾಯ್ದೆಯ ಇತಿಹಾಸ

ಆರೆಗನ್ ರಾಜ್ಯದ ‘ಬಾಟಲಿ ಕಾಯ್ದೆ’ 1972ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಪಾನೀಯದ ಬಾಟಲಿ, ಡಬ್ಬಿಗಳ ಮೇಲೆ ಕಡ್ಡಾಯ ಠೇವಣಿ ವಿಧಿಸಿದ ಮೊದಲ ಅಮೆರಿಕನ್ ರಾಜ್ಯ ಅದು. ಇಂದು ಅಂಥ ರಾಜ್ಯಗಳು ಹತ್ತು. ಇವನ್ನೆಲ್ಲ ಮರುಬಳಕೆಯ ಕಾಯ್ದೆಗಳೆನ್ನುವುದು ರೂಢಿ. ಕನ್ನಡದ ಈ ಒಂದೇ ಪದ ಎರಡು ಬೇರೆ ಕೆಲಸಗಳನ್ನು ಮುಚ್ಚಿಬಿಡುತ್ತದೆ: ಬಾಟಲಿಯನ್ನು ತೊಳೆದು ಮತ್ತೆ ತುಂಬುವುದು ಒಂದು, ಪುಡಿಮಾಡಿ ಕರಗಿಸಿ ಹೊಸದನ್ನು ಎರಕ ಹೊಯ್ಯುವುದು ಇನ್ನೊಂದು. ಆರೆಗನ್ ಶಾಸಕರು ಬಯಸಿದ್ದು ಮೊದಲನೆಯದನ್ನು, ಕಾಲಕ್ರಮದಲ್ಲಿ ರಾಜ್ಯಕ್ಕೆ ದಕ್ಕಿದ್ದು ಎರಡನೆಯದು.

ಠೇವಣಿ ಎಂಬುದು ಸರ್ಕಾರ ಕಂಡುಹಿಡಿದದ್ದಲ್ಲ. ಬಾಟಲಿ ದುಬಾರಿಯಾಗಿದ್ದ ಕಾಲದಲ್ಲಿ ಅದು ಕಂಪನಿಯ ಸ್ವತ್ತು, ಒಳಗಿನ ಪಾನೀಯವಷ್ಟೇ ಗಿರಾಕಿಯದು. ಕರ್ನಾಟಕದ ಅಂಗಡಿಗಳಲ್ಲಿ ಸೋಡಾ ಬಾಟಲಿಯನ್ನು ಮನೆಗೆ ಒಯ್ಯುವವರಿಂದ ಠೇವಣಿ ಇಸಿದುಕೊಳ್ಳುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ತಗಡಿನ ಡಬ್ಬಿಯೂ ಒಮ್ಮೆ ಬಳಸಿ ಎಸೆಯುವ ತೆಳುಗಾಜಿನ ಬಾಟಲಿಯೂ ಅಗ್ಗವಾಗಿ, ಖಾಲಿಯನ್ನು ಹಿಂದಕ್ಕೆ ಸಾಗಿಸುವ ಗೋಜೇ ಬೇಡವೆಂದು ಕಂಪನಿಗಳು ತೀರ್ಮಾನಿಸಿದವು. ಖಾಲಿಗಳು ರಸ್ತೆಬದಿಗೆ, ಹುಲ್ಲುಗಾವಲಿಗೆ, ಕಡಲತೀರಕ್ಕೆ ಬಿದ್ದವು. ವರ್ಮಾಂಟ್ ರಾಜ್ಯ 1953ರಲ್ಲಿ ಎಸೆಯುವ ಬಿಯರ್ ಬಾಟಲಿಗಳನ್ನು ನಿಷೇಧಿಸಿತು. ಆ ಕಾಯ್ದೆ ನಾಲ್ಕೇ ವರ್ಷದಲ್ಲಿ ಅವಧಿ ಮುಗಿದು ಬಿದ್ದುಹೋಯಿತು.

ಆರೆಗನ್ನಿನಲ್ಲಿ ಈ ವಿಚಾರವನ್ನು ಹಟ ಹಿಡಿದು ಮುಂದಿಟ್ಟವರು ರಿಚರ್ಡ್ ಚೇಂಬರ್ಸ್. ಮರ ಕಡಿಯುವ ಉದ್ಯಮಕ್ಕೆ ಯಂತ್ರೋಪಕರಣ ಮಾರುತ್ತಿದ್ದ, ಕಾಡು ಕಡಲತೀರ ಸುತ್ತುವ ಹವ್ಯಾಸದ ವ್ಯಕ್ತಿ. ಅವರ ಮಾತಿಗೆ ಕಿವಿಗೊಟ್ಟ ಶಾಸಕ ಪಾಲ್ ಹ್ಯಾನಮನ್ 1969ರಲ್ಲಿ ಮಸೂದೆ ಮಂಡಿಸಿ ಸೋತರು. ಎರಡು ವರ್ಷದ ನಂತರ ಗವರ್ನರ್ ಟಾಮ್ ಮೆಕಾಲ್ ಬೆಂಬಲಕ್ಕೆ ನಿಂತರು. 1971ರಲ್ಲಿ ಮಸೂದೆ ಅಂಗೀಕಾರವಾಯಿತು.

ಕಾಯ್ದೆಯ ಜಾಣತನ ಇದ್ದದ್ದು ಅದರ ಎರಡು ದರಗಳಲ್ಲಿ. ಬಿಯರ್ ಮತ್ತು ಗ್ಯಾಸ್ ತುಂಬಿದ ತಂಪು ಪಾನೀಯಗಳ ಬಾಟಲಿ, ಡಬ್ಬಿಗೆ ಠೇವಣಿ 5 ಸೆಂಟ್; ಒಂದಕ್ಕಿಂತ ಹೆಚ್ಚು ಕಂಪನಿಗಳು ತೊಳೆದು ತುಂಬಿಕೊಳ್ಳಬಹುದಾದ, ಸರ್ಕಾರ ಪ್ರಮಾಣೀಕರಿಸಿದ ಸಾಮಾನ್ಯ ಬಾಟಲಿಗೆ 2 ಸೆಂಟ್ ಮಾತ್ರ. ಡಬ್ಬಿಯನ್ನು ನಿಷೇಧಿಸದೆ, ಗಿರಾಕಿಯ ಜೇಬಿನ ಮೂಲಕವೇ ಹಳೆಯ ಬಾಟಲಿಯನ್ನು ಗೆಲ್ಲಿಸುವ ಲೆಕ್ಕಾಚಾರ ಅದು. ಎಳೆದರೆ ಪೂರ್ತಿ ಕಿತ್ತುಬರುವ, ಬರಿಗಾಲಿಗೆ ಚುಚ್ಚುವ ತಗಡಿನ ಕಿವಿಯಿದ್ದ ಡಬ್ಬಿಗಳಿಗೆ ಮಾತ್ರ ನೇರ ನಿಷೇಧವಿತ್ತು. ಡಬ್ಬಿ ತಯಾರಕರು ಮತ್ತಿತರರು ನ್ಯಾಯಾಲಯದ ಮೆಟ್ಟಿಲು ಹತ್ತಿ, ಅಂತರರಾಜ್ಯ ವ್ಯಾಪಾರಕ್ಕೆ ಇದು ಅಡ್ಡಿ ಎಂದು ವಾದಿಸಿದರು. 1973ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು.

ನ್ಯಾಯಾಲಯದಲ್ಲಿ ಗೆದ್ದ ಬಾಟಲಿ ಮಾರುಕಟ್ಟೆಯಲ್ಲಿ ಸೋತಿತು. ಸ್ಥಳೀಯ ಬಿಯರ್ ತಯಾರಕರನ್ನು ದೊಡ್ಡ ಕಂಪನಿಗಳು ನುಂಗುತ್ತಾ ಬಂದಂತೆ, ದೂರದ ಕಾರ್ಖಾನೆಗೆ ಖಾಲಿ ಗಾಜನ್ನು ಹೊತ್ತೊಯ್ಯುವ ಖರ್ಚು ತಾಳೆಯಾಗದೆ ತೊಳೆದು ತುಂಬುವ ಪದ್ಧತಿ ಕಣ್ಮರೆಯಾಯಿತು. ಉಳಿದದ್ದು 5 ಸೆಂಟಿನ ಠೇವಣಿ. ಅದರ ಬಲದಿಂದ ಸಂಗ್ರಹವಾಗುತ್ತಿದ್ದ ಶುದ್ಧ ಗಾಜು, ಅಲ್ಯೂಮಿನಿಯಂ ಈಗ ಕರಗಿಸುವ ಕುಲುಮೆಗೆ ಹೊರಟವು. ಆದರೆ ಆ 5 ಸೆಂಟೂ ಸವೆಯುತ್ತಿತ್ತು. 1972ರ 5 ಸೆಂಟ್ 2017ರ ಬೆಲೆಯಲ್ಲಿ ಸುಮಾರು 29 ಸೆಂಟ್‌ಗೆ ಸಮ, ಶಾಸನ ಮಾತ್ರ 45 ವರ್ಷ ಅದೇ ಅಂಕಿಯಲ್ಲಿ ನಿಂತಿತ್ತು. ದರ ಏರಿಸುವ ಮತಕ್ಕೆ ಯಾವ ಶಾಸಕರೂ ಸುಲಭವಾಗಿ ಕೈ ಎತ್ತುವುದಿಲ್ಲ. ಅದಕ್ಕೆಂದೇ 2011ರ ತಿದ್ದುಪಡಿ ಆ ಕೆಲಸವನ್ನು ಅಂಕಿಗೇ ಬಿಟ್ಟಿತು: ಮರಳುವ ಖಾಲಿಗಳ ಪ್ರಮಾಣ ಸತತ ಎರಡು ವರ್ಷ ಶೇ. 80ಕ್ಕಿಂತ ಕೆಳಗಿದ್ದರೆ ಠೇವಣಿ ತಾನಾಗಿ 10 ಸೆಂಟ್ ಆಗಬೇಕು. 2014ರಲ್ಲಿ ಅದು ಶೇ. 68.3, 2015ರಲ್ಲಿ ಶೇ. 64.5. 2017ರ ಏಪ್ರಿಲ್ 1ರಿಂದ ದರ ಇಮ್ಮಡಿಯಾಯಿತು. ಮರುವರ್ಷವೇ ಪ್ರಮಾಣ ಶೇ. 80ನ್ನು ದಾಟಿತು. ಈ ನಡುವೆ 2009ರಲ್ಲಿ ನೀರಿನ ಬಾಟಲಿಗಳೂ 2018ರಲ್ಲಿ ಹಣ್ಣಿನ ರಸ, ಚಹಾ, ಕಾಫಿ ಮೊದಲಾದವೂ ಕಾಯ್ದೆಯೊಳಗೆ ಬಂದವು. ಹಾಲು ಹೊರಗೇ ಉಳಿಯಿತು.

ಹಣದ ಓಡಾಟ ಸರಳ. ಸಗಟು ವಿತರಕ ಅಂಗಡಿಯವನಿಂದ 10 ಸೆಂಟ್ ವಸೂಲು ಮಾಡುತ್ತಾನೆ, ಅಂಗಡಿಯವನು ಗಿರಾಕಿಯಿಂದ. ಖಾಲಿ ಮರಳಿದಾಗ ಅದೇ ಹಣ ಹಿಮ್ಮುಖವಾಗಿ ಹರಿಯುತ್ತದೆ. ಪ್ರಶ್ನೆ ಏಳುವುದು ಮರಳದೇ ಹೋದ ಖಾಲಿಯ ಠೇವಣಿ ಯಾರ ಪಾಲು ಎಂಬಲ್ಲಿ. ಮಿಷಿಗನ್ನಿನಲ್ಲಿ ಮುಕ್ಕಾಲು ಪಾಲು ಸರ್ಕಾರಕ್ಕೆ, ಕಾಲು ಪಾಲು ಅಂಗಡಿಗಳಿಗೆ. ಕ್ಯಾಲಿಫೋರ್ನಿಯಾದಲ್ಲಿ ಇಡೀ ವಸೂಲಿಯೇ ಸರ್ಕಾರಿ ನಿಧಿಯ ಮೂಲಕ ನಡೆಯುತ್ತದೆ. ಆರೆಗನ್ ಅದನ್ನು ವಿತರಕರಿಗೇ ಬಿಟ್ಟಿದೆ. ಅವರು 2009ರಲ್ಲಿ ಕಟ್ಟಿಕೊಂಡ ಸಹಕಾರ ಸಂಸ್ಥೆ ಆ ಹಣವನ್ನೂ ಗುಜರಿ ಮಾರಿದ ಆದಾಯವನ್ನೂ ಬಳಸಿ ಸಂಗ್ರಹದ ಜಾಲ ನಡೆಸುತ್ತದೆ. ಸರ್ಕಾರಕ್ಕೆ ಖರ್ಚಿಲ್ಲ, ನಿಜ. ಆದರೆ ಜನ ಮರೆತಷ್ಟೂ ಲಾಭವಾಗುವವರ ಕೈಯಲ್ಲೇ ಸಂಗ್ರಹದ ಹೊಣೆಯನ್ನಿಟ್ಟ ಈ ಏರ್ಪಾಡಿನ ಮೇಲೆ ಕಣ್ಣಿಡುವವರು ಬೇಕೇ ಬೇಕು. ಆ ಕಾವಲು ಕೆಲಸ ರಾಜ್ಯದ ಮದ್ಯ ಮತ್ತು ಗಾಂಜಾ ಆಯೋಗದ್ದು.

‘ಬಾಟಲ್‌ಡ್ರಾಪ್’ ಹೆಸರಿನ ಸಂಗ್ರಹ ಕೇಂದ್ರಗಳಲ್ಲಿ ಗೋಡೆಗೆ ಯಂತ್ರಗಳ ಸಾಲು. ದುಂಡನೆಯ ಬಾಯಿಗೆ ಡಬ್ಬಿ ಇಟ್ಟರೆ ಒಳಗೆ ಅದನ್ನು ತಿರುಗಿಸಿ ಬಾರ್‌ಕೋಡ್ ಓದಿ, ಲೆಕ್ಕಕ್ಕೆ 10 ಸೆಂಟ್ ಸೇರಿಸಿ, ಹಿಂದಕ್ಕೆ ತಳ್ಳುತ್ತದೆ. ಚಪ್ಪಟೆಯಾದ ಡಬ್ಬಿಯನ್ನು ಯಂತ್ರ ಒಪ್ಪದು, ಕೋಡ್ ಕಾಣುವುದಿಲ್ಲ. ನಿಂತು ಒಂದೊಂದೇ ತುರುಕಲು ಪುರುಸೊತ್ತಿಲ್ಲದವರು ತಮ್ಮ ಖಾತೆಯ ಚೀಟಿ ಅಂಟಿಸಿದ ಹಸಿರು ಚೀಲದಲ್ಲಿ ತುಂಬಿಟ್ಟು ಹೋಗುತ್ತಾರೆ. ಎಣಿಕೆಯಾದ ಮೇಲೆ ಹಣ ಖಾತೆಗೆ ಜಮೆ. ಪೋರ್ಟ್‌ಲೆಂಡ್ ನಗರದ ಉತ್ತರಕ್ಕೆ ಹರಿಯುವ ಕೊಲಂಬಿಯಾ ನದಿಯಾಚೆ ವಾಷಿಂಗ್ಟನ್ ರಾಜ್ಯ, ಅಲ್ಲಿ ಠೇವಣಿಯೇ ಇಲ್ಲ. ಅಲ್ಲಿ ಕೊಂಡ ಡಬ್ಬಿಯನ್ನು ಸೇತುವೆ ದಾಟಿಸಿ ಇಲ್ಲಿ ಹಣ ಪಡೆಯುವುದು ಕಾನೂನುಬಾಹಿರ. ಕಟ್ಟದ ಠೇವಣಿಯನ್ನು ಹಿಂಪಡೆದಂತಾಗುತ್ತದೆ.

ವಿತರಕರ ಸಹಕಾರ ಸಂಸ್ಥೆ 2018ರಲ್ಲಿ ಹಲವು ಬಿಯರ್ ತಯಾರಕರು ಹಂಚಿಕೊಳ್ಳಬಹುದಾದ, ತೊಳೆದು ತುಂಬುವ ಗಾಜಿನ ಬಾಟಲಿಯನ್ನು ಮತ್ತೆ ಮಾರುಕಟ್ಟೆಗೆ ತಂದಿತು. 1971ರ ಶಾಸಕರು ಕಂಡರೆ ಗುರುತು ಹಿಡಿಯುತ್ತಿದ್ದರು. ಆದರೆ ಅವರು ಅದಕ್ಕೆ ಕೊಟ್ಟಿದ್ದ 2 ಸೆಂಟಿನ ರಿಯಾಯಿತಿ ಈಗಿಲ್ಲ. ಪಕ್ಕದ ಅಲ್ಯೂಮಿನಿಯಂ ಡಬ್ಬಿಗೆಷ್ಟೋ ಅದಕ್ಕೂ ಅಷ್ಟೇ, 10 ಸೆಂಟ್.