ಧನುಷ್ಕೋಡಿಗೆ ಹೋಗದ ರೈಲು

ರಾಮೇಶ್ವರ ಯಾತ್ರೆ ಮುಗಿಸಿ ಬಂದವರು ಈಗ ತೀರ್ಥ ಪ್ರಸಾದದ ಜೊತೆಗೆ ಧನುಷ್ಕೋಡಿಯ ಒಂದಷ್ಟು ಫೋಟೊಗಳನ್ನೂ ತರುತ್ತಾರೆ. ಚಾವಣಿ ಇಲ್ಲದ ಇಗರ್ಜಿ, ಮರಳಿನ ನಡುವೆ ನಿಂತ ರೈಲು ನಿಲ್ದಾಣದ ಮುರುಕು ಕಮಾನು, ಎಂಜಿನ್ನುಗಳಿಗೆ ನೀರು ಕೊಡುತ್ತಿದ್ದ ತೊಟ್ಟಿಯ ಕಟ್ಟಡ, ಎರಡೂ ಕಡೆ ಸಮುದ್ರ. 2017ರಲ್ಲಿ ತುತ್ತತುದಿಯ ಅರಿಚಲ್‌ಮುನೈವರೆಗೆ ಡಾಂಬರು ರಸ್ತೆ ತೆರೆದ ಮೇಲೆ ಕ್ಯಾಮೆರಾ ಹಿಡಿದು ಹೋಗುವವರ ಸಂಖ್ಯೆ ಬಹಳ ಹೆಚ್ಚಿದೆ. ಅದಕ್ಕೆ ಮುನ್ನ ಮರಳಿನ ಮೇಲೆ ಏಗುತ್ತ ಸಾಗುವ ವ್ಯಾನುಗಳನ್ನೇ ನಂಬಬೇಕಿತ್ತು.

ಈ ಚಿತ್ರಗಳ ಕೆಳಗೆ ಸಾಮಾನ್ಯವಾಗಿ ಬರೆಯುವ ಒಕ್ಕಣೆ ಒಂದೇ: ‘ಚಂಡಮಾರುತ ನುಂಗಿದ ಊರು’. ಮಾತು ಸುಳ್ಳಲ್ಲ. ಆದರೆ ಅಷ್ಟು ಹೇಳಿದರೆ ಕಥೆಯ ಅರ್ಧ ಮಾತ್ರ ಹೇಳಿದಂತೆ. ಧನುಷ್ಕೋಡಿ ಒಂದು ಊರಿಗಿಂತ ಹೆಚ್ಚಾಗಿ ಒಂದು ರೈಲು ದಾರಿಯ ಕೊನೆ. ಆ ದಾರಿ ಏಕೆ ಹುಟ್ಟಿತು, ಯಾರನ್ನು ಸಾಗಿಸಿತು ಎಂದು ತಿಳಿಯದೆ ಅಲ್ಲಿನ ಕಲ್ಲುಗಳು ಮಾತಾಡುವುದಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನಿಂದ ಕೊಲಂಬೊಗೆ ಹೋಗುವವರು ತೂತ್ತುಕುಡಿಯವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ದೀರ್ಘವಾದ ಹಡಗು ಪ್ರಯಾಣ ಮಾಡಬೇಕಿತ್ತು. ನಕ್ಷೆ ನೋಡಿದ ಯಾರಿಗಾದರೂ ಇನ್ನೊಂದು ದಾರಿ ಹೊಳೆಯುತ್ತದೆ. ರಾಮೇಶ್ವರ ದ್ವೀಪದ ಆಗ್ನೇಯ ತುದಿ ಬಿಲ್ಲಿನ ಕೊಪ್ಪಿನಂತೆ ಸಿಂಹಳದ ಕಡೆಗೆ ಚಾಚಿಕೊಂಡಿದೆ. ಅಲ್ಲಿಂದ ಆಚೆಯ ತಲೈಮನ್ನಾರ್‌ಗೆ ಸಮುದ್ರದ ಅಂತರ ಮೂವತ್ತು ಚಿಲ್ಲರೆ ಕಿಲೋಮೀಟರು ಮಾತ್ರ. 1914ರ ಫೆಬ್ರವರಿಯಲ್ಲಿ ಪಾಂಬನ್ ಕೊಲ್ಲಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಸಿದ್ಧವಾಯಿತು. ಹಡಗು ಬಂದಾಗ ನಡುವಿನ ಭಾಗ ಎರಡು ರೆಕ್ಕೆಗಳಂತೆ ಮೇಲೆದ್ದು ದಾರಿ ಬಿಡುತ್ತಿತ್ತು. ಅಂದಿನಿಂದ ಮದರಾಸಿನ ‘ಬೋಟ್ ಮೇಲ್’ ಧನುಷ್ಕೋಡಿಯ ಹಡಗುಕಟ್ಟೆಯವರೆಗೂ ಬಂತು. ಪ್ರಯಾಣಿಕರು ರೈಲಿನಿಂದ ಇಳಿದು ಉಗಿಹಡಗು ಹತ್ತಿ, ತಲೈಮನ್ನಾರ್‌ನಲ್ಲಿ ಮತ್ತೆ ರೈಲು ಹಿಡಿದು ಕೊಲಂಬೊ ಸೇರುತ್ತಿದ್ದರು. ಧನುಷ್ಕೋಡಿಯಲ್ಲಿ ಅಂಚೆ ಕಚೇರಿ, ಸುಂಕದ ಕಚೇರಿ, ರೈಲ್ವೆ ವಸತಿಗಳು, ಶಾಲೆ, ಇಗರ್ಜಿ ಎಲ್ಲವೂ ಎದ್ದದ್ದು ಈ ಸಂಚಾರದ ಆಧಾರದ ಮೇಲೆ. ಮರಳುದಿಬ್ಬದ ಮೇಲೆ ಇಷ್ಟು ದೊಡ್ಡ ಕಟ್ಟಡಗಳೇಕೆ ಎಂಬ ಪ್ರಶ್ನೆಗೆ ಉತ್ತರ ಇದೇ.

ಇಲ್ಲಿ ಒಂದು ಸ್ವಾರಸ್ಯವಿದೆ. ಪಾಂಬನ್ ಅಂದು ಜಂಕ್ಷನ್ ಆಗಿತ್ತು. ಅಲ್ಲಿಂದ ಮುಖ್ಯ ಮಾರ್ಗ ಧನುಷ್ಕೋಡಿಗೆ ಹೋಗುತ್ತಿತ್ತು. ರಾಮೇಶ್ವರಕ್ಕೆ ಕವಲೊಡೆದದ್ದು ಸುಮಾರು ಹತ್ತು ಕಿಲೋಮೀಟರಿನ ಶಾಖಾ ಮಾರ್ಗ. ಇಂದು ಯಾತ್ರಿಕರ ರೈಲು ಓಡುವುದು ಆ ಶಾಖೆಯಲ್ಲಿ. ಮುಖ್ಯ ಮಾರ್ಗವೇ ಮರಳಿನಡಿ ಸೇರಿತು.

ಈ ದಾರಿಯಲ್ಲಿ ಓಡಾಡಿದವರು ಮೊದಲ ದರ್ಜೆಯ ಸಾಹೇಬರು ಮಾತ್ರವಲ್ಲ. ಸಿಂಹಳದ ಬೆಟ್ಟಗಳಲ್ಲಿ ಬ್ರಿಟಿಷರು ಮೊದಲು ಕಾಫಿ, ಅನಂತರ ಚಹ, ರಬ್ಬರ್ ಬೆಳೆಸಿದಾಗ ದುಡಿಯಲು ಕೈಗಳು ಬೇಕಾದವು. ತಮಿಳುನಾಡಿನ ಬರಪೀಡಿತ ಜಿಲ್ಲೆಗಳಿಂದ ‘ಕಂಗಾಣಿ’ ಎಂಬ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಕರೆದೊಯ್ಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ದೋಣಿಯಲ್ಲಿ ದಾಟಿ, ಕಾಡುದಾರಿಯಲ್ಲಿ ನಡೆದು ತೋಟಗಳನ್ನು ಮುಟ್ಟಬೇಕಿತ್ತು. ಕಾಲರಾ, ಹಸಿವುಗಳಿಗೆ ಆ ದಾರಿಯಲ್ಲಿ ಸತ್ತವರು ಅಸಂಖ್ಯ. ಕಡಲ ಈಚೆ ಮಂಟಪಂನಲ್ಲಿ ಕೂಲಿಗಳನ್ನು ತಡೆದು, ರೋಗ ತಪಾಸಣೆ ಮಾಡಿ ಕಳಿಸುವ ಶಿಬಿರವೂ ಇತ್ತು. 1914ರ ನಂತರ ಈ ಜನಪ್ರವಾಹದ ದೊಡ್ಡ ಪಾಲು ಹರಿದದ್ದು ಧನುಷ್ಕೋಡಿಯ ಹಳಿಗಳ ಮೇಲೆ.

1964ರ ಡಿಸೆಂಬರ್ 22ರ ರಾತ್ರಿ ನಡೆದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಪಾಂಬನ್‌ನಿಂದ 653ನೇ ನಂಬರಿನ ಪ್ಯಾಸೆಂಜರ್ ರೈಲು ನಡುರಾತ್ರಿಯ ಹೊತ್ತಿಗೆ ಹೊರಟಿತು. ಆರು ಬೋಗಿ, ದಾಖಲೆಯ ಪ್ರಕಾರ 110 ಪ್ರಯಾಣಿಕರು, ಐವರು ಸಿಬ್ಬಂದಿ. ಧನುಷ್ಕೋಡಿ ಹತ್ತಿರವಾಗುವಾಗ ಸಿಗ್ನಲ್ ಕೆಟ್ಟಿತ್ತು. ಚಾಲಕ ಸ್ವಲ್ಪ ಕಾದು, ಸೀಟಿ ಹಾಕುತ್ತ ಮುಂದೆ ಸಾಗಿದ. ಸಮುದ್ರದಿಂದ ಎದ್ದ ಬೃಹತ್ ಅಲೆ ರೈಲನ್ನು ಅದರಲ್ಲಿದ್ದವರ ಸಮೇತ ಎಳೆದುಕೊಂಡಿತು. ಊರೂ ಉಳಿಯಲಿಲ್ಲ. ಭಾರತ, ಸಿಂಹಳ ಎರಡೂ ಕಡೆ ಸೇರಿ ಸತ್ತವರ ಸಂಖ್ಯೆ ಸುಮಾರು 1,800 ಎಂಬ ಅಂದಾಜಿದೆ. ಸರ್ಕಾರ ಧನುಷ್ಕೋಡಿಯನ್ನು ವಾಸಕ್ಕೆ ಯೋಗ್ಯವಲ್ಲ ಎಂದು ಘೋಷಿಸಿತು.

ಆದರೆ ಅದೇ ಚಂಡಮಾರುತ ಪಾಂಬನ್ ಸೇತುವೆಯನ್ನೂ ಮುರಿದಿತ್ತು. ಅದರ ಬಹುಪಾಲು ಗರ್ಡರುಗಳು ಸಮುದ್ರ ಸೇರಿದ್ದವು. ದುರಸ್ತಿಗೆ ಆರು ತಿಂಗಳು ಬೇಕೆಂದು ಲೆಕ್ಕ ಹಾಕಲಾಗಿತ್ತು. ಆಗ ತರುಣ ಎಂಜಿನಿಯರ್ ಆಗಿದ್ದ ಇ. ಶ್ರೀಧರನ್ ಅದನ್ನು 46 ದಿನಗಳಲ್ಲಿ ಮುಗಿಸಿದರು. ಮುಂದೆ ನಮ್ಮ ಕರಾವಳಿಯನ್ನು ಹಾದುಹೋಗುವ ಕೊಂಕಣ ರೈಲ್ವೆಯನ್ನು ಕಟ್ಟಿಸಿದವರೂ ಅವರೇ. ನಡುಕಡಲಿನ ಸೇತುವೆಯನ್ನು ಒಂದೂವರೆ ತಿಂಗಳಲ್ಲಿ ಎತ್ತಿ ನಿಲ್ಲಿಸಿದ ಇಲಾಖೆಗೆ ಮರಳಿನ ಮೇಲೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು ಹಳಿ ಹಾಕುವುದು ಅಸಾಧ್ಯವಾಗಿತ್ತೆ?

ಅಪಾಯದ ಜಾಗ ಎಂಬುದು ಸರಿಯಾದ ಕಾರಣವೇ. ಆದರೆ ರೈಲು ದಾರಿಯನ್ನು ಉಳಿಸುವುದು ಅದರ ಮೇಲಿನ ಸಂಚಾರ. ಆ ಸಂಚಾರ ಚಂಡಮಾರುತಕ್ಕೆ ಬಹಳ ಮೊದಲೇ ಬತ್ತತೊಡಗಿತ್ತು. 1939ರಲ್ಲಿ ಭಾರತ ಸರ್ಕಾರ ಸಿಂಹಳಕ್ಕೆ ಕೂಲಿಗಳ ವಲಸೆಯನ್ನು ನಿಷೇಧಿಸಿತು. ಸ್ವತಂತ್ರ ಸಿಂಹಳ 1948ರಲ್ಲಿ ತಂದ ಪೌರತ್ವ ಕಾಯಿದೆ ತೋಟದ ತಮಿಳರಲ್ಲಿ ಬಹುಪಾಲು ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ಒಂದು ಕಾಲಕ್ಕೆ ಒಂದೇ ಸಾಮ್ರಾಜ್ಯದ ಎರಡು ದಡಗಳಾಗಿದ್ದ ಧನುಷ್ಕೋಡಿ, ತಲೈಮನ್ನಾರ್‌ಗಳು ಎರಡು ದೇಶಗಳ ಗಡಿಗಳಾದವು. ಅಲೆ ಬಡಿದದ್ದು ಆಗಲೇ ಸೊರಗಿದ್ದ ದಾರಿಗೆ.

ದಿನಾಂಕಗಳನ್ನು ಗಮನಿಸಿ. ಚಂಡಮಾರುತಕ್ಕೆ ಎರಡು ತಿಂಗಳು ಮುಂಚೆ, 1964ರ ಅಕ್ಟೋಬರ್ 30ರಂದು, ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದರು. ಪೌರತ್ವವಿಲ್ಲದ ಸುಮಾರು 9,75,000 ಜನರಲ್ಲಿ 5,25,000 ಮಂದಿಯನ್ನು ಭಾರತ ಸ್ವೀಕರಿಸಬೇಕು. 3,00,000 ಮಂದಿಗೆ ಸಿಂಹಳ ಪೌರತ್ವ ಕೊಡಬೇಕು. ಉಳಿದವರ ಭವಿಷ್ಯ ಆಮೇಲೆ ನಿರ್ಧಾರವಾಗಬೇಕು. ಅಜ್ಜಂದಿರು ಹೋದ ದಾರಿಯಲ್ಲಿ ಮೊಮ್ಮಕ್ಕಳು ತಿರುಗಿ ಬರಬೇಕಾದ ಹೊತ್ತಿಗೆ ಆ ದಾರಿಯ ಕೊನೆಯೇ ಇರಲಿಲ್ಲ. ಹಡಗುಗಳು ರಾಮೇಶ್ವರಕ್ಕೆ ಬಂದವು. ಮಂಟಪಂ ಶಿಬಿರ ಈಗ ಒಳಬರುವವರನ್ನು ಎದುರುಗೊಂಡಿತು.

ಅವರಲ್ಲಿ ಕೆಲವು ಸಾವಿರ ಮಂದಿ ಕನ್ನಡನಾಡಿಗೂ ಬಂದರು. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ತಾಲ್ಲೂಕುಗಳಲ್ಲಿ ಸರ್ಕಾರ ಬೆಳೆಸಿದ ರಬ್ಬರ್ ತೋಟಗಳಲ್ಲಿ ಅವರಿಗೆ ಕೆಲಸ, ಮನೆ ಕೊಡಲಾಯಿತು. ನಸುಕಿನಲ್ಲಿ ಎದ್ದು ಮರದ ತೊಗಟೆ ಗೀರಿ ಹಾಲು ಇಳಿಸುವ ಕಸುಬು ಅವರಿಗೆ ಹೊಸದಾಗಿರಲಿಲ್ಲ. ಊರು, ಭಾಷೆ ಹೊಸದು. ಸಿಂಹಳದಲ್ಲಿ ‘ಭಾರತದವರು’ ಎನಿಸಿಕೊಂಡವರು ಇಲ್ಲಿ ‘ಸಿಲೋನಿನವರು’ ಆದರು. ಮಕ್ಕಳ ಜಾತಿ ಪ್ರಮಾಣಪತ್ರಕ್ಕಾಗಿ ಕಚೇರಿಗಳಿಗೆ ಅಲೆಯಬೇಕಾಯಿತು. ಧನುಷ್ಕೋಡಿಯ ರೈಲು ದಾರಿ ಸಾಗಿಸಿದ ಬದುಕುಗಳು ಹೀಗೆ ನಮ್ಮ ನಡುವೆಯೇ ಮುಂದುವರಿದಿವೆ.

ಆಚೆ ದಡದಲ್ಲಿ ಅಂತರ್ಯುದ್ಧದಿಂದ 1990ರಲ್ಲಿ ನಿಂತ ತಲೈಮನ್ನಾರ್ ರೈಲನ್ನು ಭಾರತದ ನೆರವಿನಿಂದ 2015ರಲ್ಲಿ ಮತ್ತೆ ಓಡಿಸಲಾಯಿತು. ಈಚೆ 2019ರಲ್ಲಿ ಧನುಷ್ಕೋಡಿ ಮಾರ್ಗಕ್ಕೆ ಶಂಕುಸ್ಥಾಪನೆಯಾಯಿತು; ಹಳಿ ಬೀಳಲಿಲ್ಲ. ಪಾಂಬನ್‌ನ ಹಳೆಯ ಸೇತುವೆಯ ಮೇಲೆ 2022ರ ಡಿಸೆಂಬರಿನಲ್ಲಿ ಸಂಚಾರ ನಿಂತು, 2025ರ ಏಪ್ರಿಲಿನಲ್ಲಿ ಹೊಸ ಸೇತುವೆ ಬಳಕೆಗೆ ಬಂತು. ಅದೂ ರಾಮೇಶ್ವರದ ಶಾಖೆಗಾಗಿ.

ಧನುಷ್ಕೋಡಿಗೆ ಹೋಗುವವರು ಇಗರ್ಜಿಯ ಚಿತ್ರವನ್ನು ಧಾರಾಳವಾಗಿ ತೆಗೆಯಲಿ. ಜೊತೆಗೆ ಪಾಂಬನ್‌ನಲ್ಲಿ ದಾರಿ ಕವಲೊಡೆದ ಜಾಗವನ್ನೂ, ಮಂಟಪಂ ಶಿಬಿರದ ಹೆಸರನ್ನೂ ನೆನಪಿಟ್ಟುಕೊಳ್ಳಲಿ. ರಾವಣನನ್ನು ಗೆದ್ದ ಮೇಲೆ ರಾಮ ತನ್ನ ಬಿಲ್ಲಿನ ತುದಿಯಿಂದ ಸೇತುವೆಯನ್ನು ಮುರಿದ ಸ್ಥಳ ಇದು ಎಂದು ಸ್ಥಳಪುರಾಣ ಹೇಳುತ್ತದೆ. ಎರಡನೆಯ ಬಾರಿ ದಾರಿಯನ್ನು ಮುರಿದ ಹೊಣೆಯನ್ನು ಮಾತ್ರ ಸಮುದ್ರವೊಂದರ ತಲೆಗೇ ಕಟ್ಟುವಂತಿಲ್ಲ.